ಕಿವಿ ಮುಟ್ಟಿಕೊಂಡ ಸುಶೀಲಕ್ಕ

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಛತ್ರಿ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ದಪ್ಪ ಚರ್ಮದ ಒಂದು ಕೈಗವಸು. ಮೂಗಿನ ಹತ್ತಿರ ಹಿಡಿದರೆ ಕೊಬ್ಬರಿ ಎಣ್ಣೆಯ ವಾಸನೆ! ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯಲ್ಲಿ ಈಗ ಯಾರೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದಿಲ್ಲ; ನನಗಂತೂ ಹಚ್ಚಿಕೊಳ್ಳಲು ಕೂದಲೇ ಉಳಿದಿಲ್ಲ. ಐದು ವರ್ಷದಿಂದ ಕತ್ತಲಲ್ಲಿ ಬಿದ್ದಿದ್ದ ಈ ಗವಸು ಮಾತ್ರ ಆ ವಾಸನೆಯನ್ನು ಹಾಗೇ ಹಿಡಿದುಕೊಂಡಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಿಜ ಹೇಳಬೇಕೆಂದರೆ ನನಗೆ ಛತ್ರಿಯ ಅಗತ್ಯವೇ ಇರಲಿಲ್ಲ. ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನಿಂದ ತಪ್ಪಿಸಿಕೊಂಡು ಬಂದಿದ್ದೆ. ಇನ್ನೆರಡು ವರ್ಷ ವಿಭಾಗದ ಮುಖ್ಯಸ್ಥರಾಗಿ ಮುಂದುವರಿಯುತ್ತೀರಾ ಎಂದು ಆಸ್ಪತ್ರೆಯವರು ಕೇಳಿದ್ದರು. ಸಂಜೆಯೊಳಗೆ ಉತ್ತರ ಹೋಗಬೇಕಿತ್ತು. ನಾನು ಹೂಂ ಎಂದರೆ, ಒಂಬತ್ತು ವರ್ಷದಿಂದ ನನ್ನ ಕೈಕೆಳಗೆ ದುಡಿಯುತ್ತಿರುವ ಮೈಸೂರಿನ ಡಾಕ್ಟರ್ ವನಮಾಲಾ ಆ ಹುದ್ದೆಗೆ ಇನ್ನೂ ಎರಡು ವರ್ಷ ಕಾಯಬೇಕು. ಹೂಂ ಎಂದು ಬರೆದೂ ಆಗಿತ್ತು. ಕಳಿಸುವ ಗುಂಡಿ ಒತ್ತಲು ಬೆರಳು ಯಾಕೋ ಏಳಲಿಲ್ಲ.

ಗವಸು ಬೇಸ್‌ಬಾಲ್ ಆಟದ್ದು. ನಗಬೇಡಿ. ಧಾರವಾಡದ ಓಣಿಯಲ್ಲಿ ಕ್ರಿಕೆಟ್ ಆಡಿ ಬೆಳೆದು, ಐವತ್ತರ ಹತ್ತಿರ ಬಂದು, ಹೊಟ್ಟೆಯನ್ನೂ ಬೆಳೆಸಿಕೊಂಡ ಒಬ್ಬ ಡಾಕ್ಟರು ಲಂಡನ್ನಿನಲ್ಲಿ ಬೇಸ್‌ಬಾಲ್ ಆಡಿದ್ದಕ್ಕೆ ಸುಶೀಲಕ್ಕನೇ ಕಾರಣ. ಅವರು ವಿಜಯಪುರದವರು, ನಿವೃತ್ತ ನರ್ಸು. ಇಲ್ಲಿಗೆ ಬರುವ ಮುಂಚೆ ಕೆಲವು ವರ್ಷ ಅಮೆರಿಕದ ಆಸ್ಪತ್ರೆಯೊಂದರಲ್ಲಿದ್ದಾಗ ಹತ್ತಿಸಿಕೊಂಡ ಹುಚ್ಚು ಅದು. ಭಾನುವಾರ ಮಧ್ಯಾಹ್ನ ಊರಿನ ಇನ್ನೊಂದು ತುದಿಯ ಕ್ರೋಯ್ಡನ್ನಿನಿಂದ ರೈಲು ಬದಲಿಸಿ ಬದಲಿಸಿ, ಒಂದು ಕೈಯಲ್ಲಿ ಬ್ಯಾಟುಗಳ ಚೀಲ, ಇನ್ನೊಂದು ಕೈಯಲ್ಲಿ ಹಚ್ಚಿದ ಅವಲಕ್ಕಿಯ ಡಬ್ಬಿ ಹಿಡಿದು ನಮ್ಮ ಪಾರ್ಕಿಗೆ ಬರುತ್ತಿದ್ದರು. ಸೀರೆಯ ಮೇಲೆ ಸ್ವೆಟರು, ತುರುಬಿನ ಮೇಲೆ ನಿಲ್ಲಲಾರದೆ ನಿಂತ ಟೋಪಿ. ಎತ್ತರ ಐದಡಿಯೂ ಇರಲಿಲ್ಲ, ಆದರೆ ಅವರು ಕೂಗಿದರೆ ಪಾರ್ಕಿನ ನಾಯಿಗಳೂ ನಿಂತು ನೋಡುತ್ತಿದ್ದವು. ಹೊಸ ಗವಸಿನ ಚರ್ಮ ಮೆತ್ತಗಾಗಲು ಕೊಬ್ಬರಿ ಎಣ್ಣೆ ತಿಕ್ಕಬೇಕೆಂದು ಹೇಳಿಕೊಟ್ಟವರೂ ಅವರೇ.

ಕ್ರಿಕೆಟ್ ಆಡಿದವರಿಗೆ ಈ ಆಟ ಬೇಗ ಬರುತ್ತದೆಂದು ನೀವು ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ ಚೆಂಡು ಹೊಡೆದವನೇ ಬ್ಯಾಟನ್ನು ಎದೆಗವಚಿಕೊಂಡು ಓಡಿದೆ. ಓಡಿ ಮುಟ್ಟಬೇಕಾದ ಬೇಸ್ ಹತ್ತಿರ ಬಂದಾಗ ಕ್ರೀಸ್ ಮುಟ್ಟುವವನಂತೆ ಬ್ಯಾಟು ಚಾಚಿದೆ. ಬೇಸ್‌ಬಾಲಿನಲ್ಲಿ ಹೊಡೆದ ಕೂಡಲೇ ಬ್ಯಾಟನ್ನು ಬಿಟ್ಟು ಓಡಬೇಕು.

"ಅದನ್ಯಾಕ ಹೊತ್ಕೊಂಡು ಓಡ್ತೀರಿ ಡಾಕ್ಟರ? ಹೊಡದ ಮ್ಯಾಲ ಅದರ ಕೆಲಸ ಮುಗೀತು. ಒಗೀರಿ ಅಲ್ಲೇ!"

"ರೂಢಿ ಬಿಡವಲ್ತು ಅಕ್ಕಾರ," ಎಂದೆ. ಆ ಬೇಸಿಗೆಯುದ್ದಕ್ಕೂ ಬ್ಯಾಟು ಹೊತ್ತುಕೊಂಡೇ ಓಡಿದೆ.

ಇನ್ನೊಂದು ಪಾಠ ಬ್ಯಾಟು ಬಿಡುವುದಕ್ಕಿಂತ ಕಷ್ಟದ್ದು. ಮೈದಾನದಲ್ಲಿ ನಾಲ್ಕು ಬೇಸುಗಳು. ಮೂರನ್ನು ದಾಟಿ, ಹೊರಟ ಜಾಗಕ್ಕೇ ಸುತ್ತಿ ಬಂದರೆ ಒಂದು ರನ್. ಕೆಲವು ಸಲ, ಮೂರನೇ ಬೇಸಿನಲ್ಲಿ ನಿಂತವರನ್ನು ಒಳಗೆ ತರಲು ಬ್ಯಾಟುಗಾರ ತಾನೇ ಔಟಾಗಬೇಕು. ಬೀಸಿ ಹೊಡೆಯದೆ, ಬ್ಯಾಟು ಅಡ್ಡ ಹಿಡಿದು, ಚೆಂಡನ್ನು ಕಾಲ ಮುಂದೆ ಮೆಲ್ಲಗೆ ಉರುಳಿಸಬೇಕು. ಎದುರು ತಂಡದವರು ಅದನ್ನು ಹೆಕ್ಕಿ ಇವನನ್ನು ಔಟ್ ಮಾಡುವಷ್ಟರಲ್ಲಿ ಓಡುವವರು ಹೊರಟ ಜಾಗ ಮುಟ್ಟಿರುತ್ತಾರೆ. ಓಡುವವರು ಚೆಂಡು ಬ್ಯಾಟಿಗೆ ತಾಗುವ ಮೊದಲೇ, ಬ್ಯಾಟುಗಾರನನ್ನು ನಂಬಿ ಹೊರಟುಬಿಡಬೇಕು. ಸುಶೀಲಕ್ಕ ಮೂರನೇ ಬೇಸಿನ ಪಕ್ಕದಲ್ಲಿ ನಿಂತು ಎಡಗಿವಿ ಮುಟ್ಟಿಕೊಂಡರೆ ಅದೇ ಸಂಜ್ಞೆ. ನಾನೋ, ಓಣಿಯಲ್ಲಿ ಔಟಾದರೂ ಔಟಲ್ಲವೆಂದು ಅರ್ಧ ಗಂಟೆ ಜಗಳ ಕಾಯುತ್ತಿದ್ದವನು. ಬೇಕೆಂದೇ ಔಟಾಗುವ ಆಟ ಎಂಥ ಆಟ!

ಇಲ್ಲಿಯ ಜುಲೈ ಸಂಜೆಗಳನ್ನು ನೀವು ನೋಡಿರಬಹುದು. ಬಿಸಿಲು ಇಳಿಯುವುದನ್ನೇ ಮರೆತು ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಮಾತು, ನಗು, ದೂರದ ಐಸ್‌ಕ್ರೀಮ್ ಗಾಡಿಯ ಹಾಡು, ಎಲ್ಲ ನಿದ್ದೆಗಣ್ಣಿನಲ್ಲಿ ಕೇಳಿಸಿದ ಹಾಗೆ. ಅಂಥದೊಂದು ಸಂಜೆ ನಮ್ಮ ಆ ವರ್ಷದ ಕೊನೆಯ ಆಟ. ಎರಡೂ ತಂಡದ ರನ್ ಸಮ, ನಮ್ಮಲ್ಲಿ ಒಬ್ಬರು ಔಟ್ (ಮೂವರು ಔಟಾದರೆ ಸರದಿ ಮುಗಿಯಿತು), ಒಂದು ರನ್ ಬಂದರೆ ಗೆಲುವು. ಮೂರನೇ ಬೇಸಿನಲ್ಲಿ, ನಮ್ಮ ತಂಡದಲ್ಲೇ ಆಡುತ್ತಿದ್ದ ವನಮಾಲಾ. ಇಡೀ ಬೇಸಿಗೆಯಲ್ಲಿ ಅವರದು ಒಂದೂ ರನ್ ಇರಲಿಲ್ಲ. ಮೈಸೂರಿನಿಂದ ಬಂದಿದ್ದ ಅವರ ತಾಯಿ ಶಾಲು ಹೊದ್ದು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಎರಡು ದಿನ ಬಿಟ್ಟು ಊರಿಗೆ ಹೊರಡುವವರು.

ಬ್ಯಾಟು ನನ್ನ ಕೈಯಲ್ಲಿತ್ತು. ಸುಶೀಲಕ್ಕ ಎಡಗಿವಿ ಮುಟ್ಟಿಕೊಂಡರು. ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ. ಆದರೆ ನನ್ನ ಮಗಳು ಮೊದಲ ಸಲ ಆಟ ನೋಡಲು ಬಂದು, ಫೋನ್ ಎತ್ತಿ ಹಿಡಿದಿದ್ದಳು. ಅಪ್ಪ ಬ್ಯಾಟು ಅಡ್ಡ ಹಿಡಿದು ಔಟಾದದ್ದನ್ನು ಅವಳು ಚಿತ್ರ ತೆಗೆಯುವುದೇ? ಬೀಸಿದೆ. ಚೆಂಡು ತುಸುವೇ ಮೇಲೆದ್ದು, ನೇರ ಎದುರಿನವರ ಗವಸಿಗೆ ಸುಮ್ಮನೆ ಬಿತ್ತು. ನನ್ನನ್ನು ನಂಬಿ ಆಗಲೇ ಅರ್ಧ ದಾರಿ ಓಡಿ ಬಂದಿದ್ದ ವನಮಾಲಾ ಗಕ್ಕನೆ ನಿಂತು, ತಿರುಗಿ ಓಡಿದರು. ನೆಲಕ್ಕೆ ಬೀಳುವ ಮುಂಚೆ ಚೆಂಡನ್ನು ಹಿಡಿದರೆ ಓಡುವವರು ಬಿಟ್ಟ ಬೇಸಿಗೇ ಮರಳಬೇಕು. ಅವರು ಮೂರನೇ ಬೇಸ್ ಮುಟ್ಟುವ ಮುಂಚೆ ಚೆಂಡು ಅಲ್ಲಿ ಮುಟ್ಟಿತ್ತು. ಇಬ್ಬರೂ ಔಟ್. ಹೆಚ್ಚುವರಿ ಸರದಿಯಲ್ಲಿ ಎದುರಿನವರು ಗೆದ್ದರು.

"ಸೂರ್ಯ ಕಣ್ಣಿಗೆ ಹೊಡೀತಿತ್ತು. ಸಂಜ್ಞೆ ಕಾಣಿಸ್ಲೇ ಇಲ್ಲ," ಎಂದೆ.

"ಪರವಾಗಿಲ್ಲ ಸರ್," ಎಂದರು ವನಮಾಲಾ.

ಅವರ ತಾಯಿ ಮಾತ್ರ ಮಗಳ ಬೆವರು ಒರೆಸುತ್ತಾ ಕೇಳಿದರು: "ಅಷ್ಟು ದೂರ ಬಂದೋಳು ಅರ್ಧಕ್ಕೇ ಯಾಕೆ ವಾಪಸ್ ಹೋದ್ಯೇ?" ನಾನು ಅವಲಕ್ಕಿಯ ಡಬ್ಬಿಯಲ್ಲಿ ಶೇಂಗಾ ಹುಡುಕುವವನ ಹಾಗೆ ತಲೆ ತಗ್ಗಿಸಿದೆ.

ಸುಶೀಲಕ್ಕ ಬೈಯಲಿಲ್ಲ. ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಾ, "ಸೋತಿದ್ದು ಇರ್ಲಿ ಬಿಡ್ರಿ," ಎಂದರು. "ಆದ್ರ ಹಿರ್ಯಾರಾದವ್ರನ್ನ ನಂಬಿ ಒಬ್ಬರು ಓಡಿರ್ತಾರ. ಅದಷ್ಟ ನೆನಪಿಟ್ಕೋರಿ." ಮುಂದಿನ ವರ್ಷ ಅವರ ಮೊಣಕಾಲು ಕೈಕೊಟ್ಟಿತು, ತಂಡ ಚದುರಿತು, ಗವಸು ಮೆಟ್ಟಿಲ ಕೆಳಗೆ ಸೇರಿತು. ನಾನು ವಿಭಾಗದ ಮುಖ್ಯಸ್ಥನಾದೆ. ಅವರ ಮಾತನ್ನು ಹೊಸಬರಿಗೆ ಹೇಳುವ ಭಾಷಣಗಳಲ್ಲಿ ಎಷ್ಟು ಸಲ ಬಳಸಿದೆನೋ ಲೆಕ್ಕವಿಲ್ಲ. ನೆನಪಿಟ್ಟುಕೊಂಡದ್ದು ಮಾತ್ರ ಒಂದು ಸಲವೂ ಇಲ್ಲ.

ಮೆಟ್ಟಿಲ ಮೇಲೆ ಕೂತು ಗವಸನ್ನು ಕೈಗೆ ತೊಟ್ಟುಕೊಂಡೆ. ನಾಚಿಕೆಯಾಯಿತು. ಮೇಲೆ ಹೋಗಿ ಬರೆದದ್ದನ್ನು ಅಳಿಸಿದೆ. ಮುಂದುವರಿಯುವುದಿಲ್ಲ, ಡಾಕ್ಟರ್ ವನಮಾಲಾ ಅವರನ್ನು ಕೇಳಿ ಎಂದು ಬರೆದು ಕಳಿಸಿದೆ. ಮನಸ್ಸು ಬದಲಾಗುವ ಮುಂಚೆ ಅವರಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

"ಯಾಕೆ ಸರ್, ಇದ್ದಕ್ಕಿದ್ದಂಗೆ? ಆರೋಗ್ಯ ಸರಿಯಾಗಿದೆ ತಾನೆ?"

"ಚೆನ್ನಾಗಿದೀನಿ. ಇನ್ನೊಂದು ಹೇಳ್ಬೇಕಿತ್ತು. ಆವತ್ತು ಪಾರ್ಕಿನಲ್ಲಿ ಸೂರ್ಯ ಕಣ್ಣಿಗೆ ಹೊಡೀತಿತ್ತು ಅಂದಿದ್ದೆ..."

"ಗೊತ್ತು ಸರ್. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದ. ಬಿಸಿಲು ಬೀಳ್ತಿದ್ದಿದ್ದು ನನ್ನ ಕಣ್ಣಿಗೆ."

ಆರು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ದಿನವೂ ನನಗೆ ಗುಡ್ ಮಾರ್ನಿಂಗ್ ಹೇಳಿದ್ದಾರೆ.

"ಫೋನ್ ಇಡ್ಲಾ ಸರ್?" ಎಂದರು. ದನಿ ಒದ್ದೆಯಾಗಿತ್ತು, ನಗುವೂ ಇತ್ತು. "ಮೈಸೂರಲ್ಲಿ ಅಮ್ಮ ಮಲಗೋ ಹೊತ್ತಾಯ್ತು. ಅಷ್ಟರಲ್ಲಿ ಅವ್ರಿಗೆ ಹೇಳ್ಬೇಕು."