'ಸಾಕು' ಎನ್ನುವುದನ್ನೇ ಮೊದಲು ಕಲಿಸುವ ಗುಳ್ಳೆಯಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿಯ ಕೊನೆಯ ಕಟ್ಟಡದ ಕೆಳಗಿನ ಕೋಣೆಯಲ್ಲಿ ಹೆಂಗಸೊಬ್ಬರು ಬರಿಗಾಲಲ್ಲಿ ನಿಂತು ಬಾಗಿಲು ತೆರೆಯುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಕಿರ್ರೆನ್ನುವ ಕೀಲಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಡುತ್ತಾರೆ. ಗೋಡೆ ಗಡಿಯಾರ ಇಳಿಸಿ ಪಕ್ಕದ ಕೋಣೆಯಲ್ಲಿಟ್ಟು ಬರುತ್ತಾರೆ.

"ನಮಗಿದು ಬರೀ ಟಿಕ್ ಟಿಕ್ ಸಾರ್. ಮೊದಲು ಬರೋ ಮಗುಗೆ ಇದು ಕಿವಿ ಪಕ್ಕ ಸುತ್ತಿಗೆಯಲ್ಲಿ ಹೊಡೆದ ಹಾಗೆ," ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಇವರು ಆಟಿಸಂ ಇರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ ಕೊಡುವವರು. ಸೋಪಿನ ನೀರಿನ ಬಾಟಲಿ ಸದಾ ಕೈಯಲ್ಲಿರುವುದರಿಂದ ಬೀದಿಯವರೆಲ್ಲ 'ಗುಳ್ಳೆಯಕ್ಕ' ಎನ್ನುತ್ತಾರೆ. ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆ. "ನಮ್ಮ ಸೊಸೆ ಬೆಳಗಿಂದ ಸಂಜೆವರೆಗೂ ಗುಳ್ಳೆ ಊದಿ ಸುಸ್ತಾಗಿ ಬರ್ತಾಳೆ" ಎಂದು ನೆಂಟರ ಮುಂದೆ ಹೇಳಿ ನಗುತ್ತಾರಂತೆ. ಸೊಸೆಯ ಮುಂಗೈ ಮೇಲಿನ ಹಲ್ಲಿನ ಗುರುತುಗಳಿಗೆ ರಾತ್ರಿ ಮುಲಾಮು ಹಚ್ಚುವವರೂ ಅದೇ ಅತ್ತೆ.

ಮೊದಲು ಇವರು ಹೊಲಿಗೆ ಅಂಗಡಿಯಲ್ಲಿದ್ದರು. ಅಳತೆ ಪಟ್ಟಿ ಮೈಗೆ ತಾಗಿದರೆ ಕಿರುಚುವ ಮಗುವೊಂದು ಅಲ್ಲಿಗೆ ಬರುತ್ತಿತ್ತು. ಇವರು ಪಟ್ಟಿಯನ್ನು ಅದರ ಕೈಗೇ ಕೊಟ್ಟು, "ಮೊದಲು ನನ್ನ ಅಳತೆ ತೆಗಿ ನೋಡೋಣ" ಎಂದು ಕೂತರು. ಮಗು ಇವರ ಮೂಗು ಅಳೆಯಿತು, ಕಿವಿ ಅಳೆಯಿತು, ಆಮೇಲೆ ತನ್ನ ತೋಳು ಚಾಚಿತು. ಇದನ್ನು ನೋಡಿದ ಮಗುವಿನ ತಾಯಿ ಮಾರನೆಯ ದಿನ ತರಬೇತಿ ಕೇಂದ್ರವೊಂದರ ವಿಳಾಸ ತಂದುಕೊಟ್ಟರು. ಎರಡು ವರ್ಷ ಕಲಿತು, ಇನ್ನಷ್ಟು ಕಾಲ ಹಿರಿಯರ ಕೈಕೆಳಗೆ ದುಡಿದು ಈ ಕೋಣೆಗೆ ಬಂದರು. ಈಗ ದಿನಕ್ಕೆ ಏಳೆಂಟು ಮಕ್ಕಳು ಬರುತ್ತಾರೆ.

ಇಲ್ಲಿ ಮಕ್ಕಳನ್ನು ಕುರ್ಚಿಗೆ ಒತ್ತಿ ಕೂರಿಸುವುದಿಲ್ಲ. ಮಗು ಚಕ್ರ ತಿರುಗಿಸುತ್ತಿದ್ದರೆ ಇವರೂ ನೆಲದ ಮೇಲೆ ಕೂತು ಚಕ್ರ ತಿರುಗಿಸುತ್ತಾರೆ. ಕಲಿಸುವುದನ್ನು ಸಣ್ಣ ಸಣ್ಣ ತುಣುಕು ಮಾಡುತ್ತಾರೆ. ಒಂದು ತುಣುಕು ಕೈಗೂಡಿದ ಕೂಡಲೇ ಮಗು ಇಷ್ಟಪಡುವುದು ಸಿಗುತ್ತದೆ. ಒಬ್ಬರಿಗೆ ಗುಳ್ಳೆ, ಇನ್ನೊಬ್ಬರಿಗೆ ಉಯ್ಯಾಲೆ. ಕೆಲವರಿಗೆ ಸುಮ್ಮನೆ ಬಿಟ್ಟುಬಿಡುವುದೇ ಬಹುಮಾನ.

"ಮಗು ಕಚ್ಚಿತು, ಕೂಗಿತು ಅಂದ್ರೆ ಹಟ ಅಂತಾರೆ. ಹಟ ಅಲ್ಲ ಸಾರ್. ಬಾಯಲ್ಲಿ ಹೇಳೋಕಾಗದ್ದು ಹಲ್ಲಲ್ಲಿ ಬರುತ್ತೆ. ಅದಕ್ಕೇ ನಾನು ಮೊದಲು 'ಸಾಕು' ಅನ್ನೋದನ್ನ ಕಲಿಸ್ತೀನಿ. 'ಬೇಕು' ಅನ್ನೋದು ಆಮೇಲೆ."

ಮಾತು ಬಾರದ ಮಕ್ಕಳಿಗೆ ಅಂಗೈ ಚಿತ್ರದ ಪುಟ್ಟ ಕಾರ್ಡು ಕೊಡುತ್ತಾರೆ. ಅದನ್ನು ತೋರಿಸಿದರೆ ಎದುರಿನವರು ಮಾಡುತ್ತಿರುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಈ ಕಾರ್ಡಿನಿಂದಲೇ ಒಂದು ಮನೆಯಲ್ಲಿ ರಂಪವಾಗಿದೆ.

ಆ ಮನೆಯ ಹುಡುಗಿ ಪುಟ್ಟಿಗೆ ಆರು ವರ್ಷ. ಮಾತಿಲ್ಲ. ತನ್ನ ಮಣಿಕಟ್ಟನ್ನು ತಾನೇ ರಕ್ತ ಬರುವಂತೆ ಕಚ್ಚಿಕೊಳ್ಳುತ್ತಿದ್ದಳು. ಕಾರ್ಡು ಸಿಕ್ಕಿದ ಮೇಲೆ ಗಾಯ ಮಾಯತೊಡಗಿತ್ತು. ಇದ್ದಕ್ಕಿದ್ದಂತೆ ಮತ್ತೆ ಕಚ್ಚಿಕೊಳ್ಳಲು ಶುರುಮಾಡಿದಳು. ಕಳೆದ ವಾರ ಅವಳ ಅಪ್ಪ ಕೆಂಡವಾಗಿ ಬಂದರು. "ಇದೇನಾ ನೀವು ಕಲಿಸಿದ್ದು? ಇನ್ನೊಂದು ಕಡೆ ಮೂರು ತಿಂಗಳಲ್ಲಿ ಪೂರ್ತಿ ಸರಿಮಾಡ್ತೀವಿ ಅಂತಿದ್ದಾರೆ. ಅಲ್ಲಿಗೇ ಸೇರಿಸ್ತೀನಿ."

ಆ ಇನ್ನೊಂದು ಕಡೆ ಬಾಗಿಲು ಹಾಕಿಕೊಂಡು ಕಲಿಸುತ್ತಾರಂತೆ, ಹೆತ್ತವರು ಹೊರಗೇ ಕಾಯಬೇಕಂತೆ. ಇದನ್ನು ಕೇಳಿಯೇ ನನಗೆ ಮೈ ಉರಿಯಿತು. ಆಟಿಸಂ ಜ್ವರವಲ್ಲ, ಇಂತಿಷ್ಟು ದಿನಕ್ಕೆ ಇಳಿಯುತ್ತದೆ ಎನ್ನಲು. ನಮ್ಮ ಮಗುವಿಗೆ ಏನು ಮಾಡುತ್ತಾರೆಂದು ನಮಗೇ ತೋರಿಸದ ಜಾಗದಲ್ಲಿ ಮಗುವನ್ನು ಬಿಟ್ಟು ಬರುವುದು ಹೇಗೆ? ಕಣ್ಣಲ್ಲಿ ಕಣ್ಣಿಟ್ಟು ನೋಡಲಿ ಎಂದು ಗದ್ದ ಹಿಡಿದು ತಿರುಗಿಸುವವರು, ಖುಷಿಗೆ ಕೈ ಬಡಿದುಕೊಂಡರೆ ಕೈ ಕಟ್ಟುವವರು ಚಿಕಿತ್ಸಕರೇ ಅಲ್ಲ. ಅಂಥವರ ಮೆಟ್ಟಿಲು ಇಳಿದು ಬನ್ನಿ.

ಗುಳ್ಳೆಯಕ್ಕ ನನ್ನ ಹಾಗೆ ಸಿಡಿಯಲಿಲ್ಲ. ಅಪ್ಪನನ್ನು ಕೇಳಿದ್ದು ಒಂದೇ ಮಾತು: "ಕಾರ್ಡ್ ಎಲ್ಲಿದೆ?" ಆತನಿಗೆ ಗೊತ್ತಿರಲಿಲ್ಲ. ಜೊತೆಯಲ್ಲಿದ್ದ ಅಜ್ಜಿಗೆ ಗೊತ್ತಿತ್ತು.

"ಬೀರು ಮೇಲಿಟ್ಟಿದ್ದೀನಮ್ಮ. ತುತ್ತು ಕೊಡೋಕೆ ಹೋದ್ರೆ ತೋರಿಸ್ತಾಳೆ, ಮುಖ ತೊಳೆಯೋಕೆ ಹೋದ್ರೆ ತೋರಿಸ್ತಾಳೆ. ಇಷ್ಟುದ್ದ ಹುಡುಗಿ ನನಗೇ ಆರ್ಡರ್ ಮಾಡ್ತಾಳೆ!"

ಹೊಸದಾಗಿ ಬಂದ ಮಾತನ್ನು ಮೊಂಡಾಟ ಎಂದುಕೊಂಡು ಬೀರುವಿನ ಮೇಲಿಟ್ಟಿದ್ದರು. ಅಜ್ಜಿಯನ್ನು ಯಾರೂ ಬೈಯಲಿಲ್ಲ. "ತಪ್ಪು ನಂದು," ಎನ್ನುತ್ತಾರೆ ಗುಳ್ಳೆಯಕ್ಕ. "ಅಮ್ಮನನ್ನ ಕೂರಿಸ್ಕೊಂಡು ಹೇಳಿಕೊಟ್ಟಿದ್ದೆ, ಅಜ್ಜಿಗೆ ಹೇಳಿರಲಿಲ್ಲ. ಮಗು ಇಡೀ ದಿನ ಇರೋದು ಅಜ್ಜಿ ಕೈಯಲ್ಲಿ. ಮನೆಯವರೆಲ್ಲ ಕಲೀದೇ ಹೋದ್ರೆ ನಾನಿಲ್ಲಿ ಏನು ಕಲಿಸಿದ್ರೂ ಹೊಳೆಗೆ ಹಾಕಿದ ಹಾಗೆ."

ಅಂದಿನಿಂದ ಅಜ್ಜಿಯೂ ಪಾಠಕ್ಕೆ ಕೂರುತ್ತಾರೆ. ಅಪ್ಪ ಮಾತ್ರ ಕರಗಿಲ್ಲ. "ಒಂದು ವಾರ ನೋಡ್ತೀನಿ" ಎಂದು ಹೋದವರು ಇವತ್ತು ಬರಬೇಕು. ಗುಳ್ಳೆಯಕ್ಕ ಮೂರನೇ ಸಲ ಬಾಗಿಲ ಕಡೆ ನೋಡುತ್ತಾರೆ. ಈ ಮಗು ಅಲ್ಲಿಗೆ ಹೋಗಿಬಿಟ್ಟರೆ ಅಂಗೈ ತೋರಿಸಿದರೂ ನಿಲ್ಲಿಸುವವರಿರುವುದಿಲ್ಲ ಎಂಬ ಭಯ ಅವರದು.

ಬರುತ್ತಾರೆ. ಮುಂದೆ ಪುಟ್ಟಿ, ಹಿಂದೆ ಅಜ್ಜಿ, ಕೊನೆಗೆ ಗಂಟು ಮುಖದ ಅಪ್ಪ. ಪುಟ್ಟಿಯ ತಲೆಯ ಒಂದು ಪಕ್ಕ ಅಚ್ಚುಕಟ್ಟಾದ ಜಡೆ, ಇನ್ನೊಂದು ಪಕ್ಕ ಕೆದರಿದ ಕೂದಲು.

"ತಲೆ ಬಾಚುವಾಗ ಕಾರ್ಡ್ ತೋರಿಸಿದ್ಲು, ಬಾಚಣಿಗೆ ಕೆಳಗಿಟ್ಟೆ," ಅಜ್ಜಿ ವರದಿ ಒಪ್ಪಿಸುತ್ತಾರೆ. "ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ತಾನೇ ಬಾಚಣಿಗೆ ತಂದು ಕೈಗಿಟ್ಲು! ಒಂದು ಜಡೆ ಆಯ್ತು. ಇನ್ನೊಂದಕ್ಕೆ ಸಾಕು ಅಂದ್ಲು. ಬಿಟ್ಟೆ."

"ಹೀಗೆ ಬೀದೀಲಿ ಕರ್ಕೊಂಡು ಬಂದಿದ್ದೀಯಲ್ಲಮ್ಮ," ಮಗ ಗೊಣಗುತ್ತಾರೆ.

"ನಿನ್ನನ್ನ ಚಡ್ಡಿಯೇ ಇಲ್ದೆ ಕರ್ಕೊಂಡು ಓಡಾಡಿದ್ದೀನಿ. ಸುಮ್ನಿರು."

ಪುಟ್ಟಿಯ ಮಣಿಕಟ್ಟಿನ ಗಾಯದ ಮೇಲೆ ಹೊಸ ಹಲ್ಲಿನ ಗುರುತಿಲ್ಲ. ಗುಳ್ಳೆಯಕ್ಕ ಅದನ್ನು ನೋಡುತ್ತಾರೆ, ಅಪ್ಪನೂ ನೋಡುತ್ತಾರೆ. ಗುಳ್ಳೆಗಳು ಹಾರುತ್ತವೆ. ಪುಟ್ಟಿ ಎರಡೂ ಕೈ ಬಡಿದುಕೊಳ್ಳುತ್ತಾಳೆ. ಅದು ಅವಳ ನಗು.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. "ದೊಡ್ಡದೇನಿಲ್ಲ ಸಾರ್. ಪುಟ್ಟಿ ನನ್ನ ಮುಂದೆ, ಅಜ್ಜಿ ಮುಂದೆ ಕಾರ್ಡ್ ತೋರಿಸ್ತಾಳೆ. ಗುರುತಿಲ್ಲದವರ ಮುಂದೆ ಯಾವತ್ತೂ ತೋರಿಸಿಲ್ಲ. ಹೊರಗಿನವರಿಗೂ ಒಂದು ದಿನ 'ಸಾಕು' ಅಂದ್ರೆ, ನನಗಷ್ಟೇ ಸಾಕು."

ನನ್ನದು ದೊಡ್ಡ ಗಂಟಲು. ತರಬೇತಿಯ ಬಗ್ಗೆ, ಸಂಬಳದ ಬಗ್ಗೆ ಒಂದರ ಹಿಂದೊಂದು ಕೇಳುತ್ತಲೇ ಇದ್ದೇನೆ. ಯಾರೋ ಕೂತಿದ್ದ ನನ್ನ ಮೊಣಕಾಲ ಬಳಿ ಬಂದು ನಿಲ್ಲುತ್ತಾರೆ. ಪುಟ್ಟಿ. ನನ್ನ ಮುಖ ನೋಡುವುದಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಾಳೆ. ಅವಳ ಕೈ ಮಾತ್ರ ನೆಟ್ಟಗೆ ನನ್ನ ಮೂಗಿನ ತನಕ ಬಂದಿದೆ. ಕೈಯಲ್ಲಿ ಅಂಗೈ ಕಾರ್ಡು.

ನಾನು ಬಾಯಿ ಮುಚ್ಚುತ್ತೇನೆ.

ಪುಟ್ಟಿ ನಿಧಾನವಾಗಿ ಕಾರ್ಡು ಇಳಿಸಿ ಗುಳ್ಳೆಗಳ ಕಡೆ ಹೋಗುತ್ತಾಳೆ. ಗೋಡೆಗೊರಗಿ ನಿಂತಿದ್ದ ಅಪ್ಪ ಕರ್ಚೀಫು ತೆಗೆದು ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಪಿಸುದನಿಯಲ್ಲಿ, "ಅಕ್ಕಾ, ಇಂಥದ್ದೇ ಇನ್ನೊಂದು ಕಾರ್ಡ್ ಇದ್ರೆ ಕೊಡಿ. ಅಂಗಡಿಗೆ ಕರ್ಕೊಂಡು ಹೋಗುವಾಗ ನನ್ನ ಜೇಬಲ್ಲಿರ್ಲಿ," ಎನ್ನುತ್ತಾರೆ.

ಗುಳ್ಳೆಯಕ್ಕ ಡಬ್ಬಿಯಿಂದ ಕಾರ್ಡು ತೆಗೆದುಕೊಡುತ್ತಾರೆ. ನನ್ನನ್ನು ಬಾಗಿಲವರೆಗೆ ಬಿಡಲು ಬಂದಾಗ ಅವರ ಕಣ್ಣು ತುಂಬಿರುತ್ತದೆ, ತುಟಿಯಲ್ಲಿ ಮಾತ್ರ ತುಂಟ ನಗು.

"ಬೇಜಾರು ಮಾಡ್ಕೋಬೇಡಿ ಸಾರ್. ನಮ್ಮ ಹುಡುಗಿ ಎಷ್ಟು ಮರ್ಯಾದೆಯಿಂದ ಹೇಳಿದ್ಲು, ನೋಡಿದ್ರಲ್ಲ!"