ಚೋರಲ್ಲ, ಚೂರು

ರೈಲಿನಲ್ಲಿ ಸಿಕ್ಕ ದೊಡ್ಡಮ್ಮನ ಬಲಗೈ ಹೆಬ್ಬೆರಳು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತ್ತು. ಕಾನೂನು ಇಲಾಖೆಯ ಕಡತಗಳಿಗೆ ದಾರ ಬಿಗಿದು ಬಿಗಿದೇ ಹೀಗಾಯಿತು ಎನ್ನುತ್ತಿದ್ದರು, ನಾನು ನಂಬಿರಲಿಲ್ಲ. ಅದೇ ಬೆರಳಿನಿಂದ ಬೇಯಿಸಿದ ನೇಂದ್ರ ಬಾಳೆಹಣ್ಣನ್ನು ಮೂರು ಪಾಲು ಮಾಡುತ್ತಿದ್ದರು.

ನಾನು ಮೈಸೂರಿನವಳು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬ್ಯಾಂಕಿನ ಕೆಲಸ. ಗಂಡನಿಗೆ ಕೊಚ್ಚಿಯ ವಲ್ಲಾರ್ಪಾಡಂ ಬಂದರಿನಲ್ಲಿ. ಪ್ರತಿ ಶುಕ್ರವಾರ ಸಂಜೆ ನಾಲ್ಕು ವರ್ಷದ ಮಗಳು ಪುಟ್ಟಿಯನ್ನು ಕಟ್ಟಿಕೊಂಡು ಅಲ್ಲಿಗೆ ರೈಲು ಹತ್ತಬೇಕು. ವಾರವಿಡೀ ನನಗೆ ಕನ್ನಡದಲ್ಲಿ ಮಾತಾಡಲು ಇದ್ದವಳು ಪುಟ್ಟಿಯೊಬ್ಬಳೇ. ಅವಳೋ ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವವಳು. ಗೋಡೆಯ ಜೊತೆ ಮಾತಾಡಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ.

ಸಾಲದ್ದಕ್ಕೆ ಅವಳ ಊಟದ ಕಷ್ಟ. ರೈಲಿನಲ್ಲಿ ಪಳಂಪೊರಿಯವನ ಕೂಗು ಕೇಳಿದರೆ ಸಾಕು, ಎಣ್ಣೆ ಸೋರುವ ಆ ಬಾಳೆಹಣ್ಣಿನ ಬಜ್ಜಿಗೆ ಹಟ. ತಿಂದರೆ ಕೊಲ್ಲಂ ದಾಟುವಷ್ಟರಲ್ಲಿ ವಾಂತಿ. ಮಗುವಿನ ತೂಕ ಏರುತ್ತಿಲ್ಲ, ಕರಿದದ್ದು ನಿಲ್ಲಿಸಿ ಎಂದು ಡಾಕ್ಟರು ಗದರಿದ್ದರು. ನಾನು ಇಡ್ಲಿ, ಹಣ್ಣು, ಸೌತೆಕಾಯಿ ಹೊತ್ತು ತಂದು “ಒಂದು ಚೂರು ತಿನ್ನು” ಎಂದು ಗೋಗರೆಯುವುದು, ಅವಳು “ಚೋರ್ ವೇಂಡ” ಎಂದು ಬಾಯಿ ಮುಚ್ಚುವುದು. ಒಂದು ಚೂರೂ ಬೇಡವಂತೆ ಎಂದು ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಎದುರು ಸೀಟಿನ ಹೆಂಗಸು ನಕ್ಕುಬಿಟ್ಟರು. “ಅವಳು ಅನ್ನ ಬೇಡ ಅಂತ ಹೇಳುದು ಮಾರಾಯ್ತಿ. ನಿಮ್ಮ ಚೂರು ಅವಳಿಗೆ ಚೋರು ಅಂತ ಕೇಳುದು.”

ಕಾಸರಗೋಡಿನ ಕನ್ನಡ! ಮಲಯಾಳದಲ್ಲಿ ಚೋರು ಎಂದರೆ ಅನ್ನವೆಂದು ನನಗೂ ಗೊತ್ತಿತ್ತು. ನನ್ನ ಬಾಯಿಂದಲೇ ಅದು ಹೊರಡುತ್ತಿದೆ ಎಂದು ಹೊಳೆದಿರಲಿಲ್ಲ. ದಿನವೂ ಶಿಶುವಿಹಾರದಲ್ಲಿ ಕುಚ್ಚಲಕ್ಕಿ ಅನ್ನ ತಿಂದು ಸಾಕಾಗಿದ್ದ ಮಗುವಿಗೆ ನಾನು ಸೌತೆಕಾಯಿ ತೋರಿಸಿ ಅನ್ನ ತಿನ್ನು ಎನ್ನುತ್ತಿದ್ದೆ.

ನೀವು ಏನು ತಿಂದಿರಿ ಎಂದು ಅವರು ಕೇಳಿದರು. ಮನೆ ಮುಟ್ಟಿದ ಮೇಲೆ ತಿನ್ನುತ್ತೇನೆ ಎಂದೆ. ಅವರು ಡಬ್ಬಿಯಿಂದ ಹಣ್ಣು ತೆಗೆದು ಮುರಿದು, ಒಂದು ಪಾಲು ನನ್ನ ಕೈಗಿಟ್ಟರು.

“ಒಬ್ಬಳೇ ತಿಂದ್ರೆ ಮೈಗೆ ಹಿಡಿಯುದಿಲ್ಲ. ತಾಯಿ ತಿನ್ನದ್ದನ್ನು ಮಗು ಯಾಕೆ ತಿನ್ನುದು?”

ಪುಟ್ಟಿಯ ಕಡೆ ನೋಡದೆ ನಾವಿಬ್ಬರೂ ತಿಂದೆವು. ಸ್ವಲ್ಪ ಹೊತ್ತಾದ ಮೇಲೆ ಸಣ್ಣ ದನಿ: “ಎನಿಕ್ಕೋ?” ನನಗೆಲ್ಲಿ ಎಂದು ಕೇಳುತ್ತಿದ್ದಳು. “ಇದು ಚೋರಲ್ಲ, ಚೂರು” ಎಂದು ಅವರು ಮೂರನೆಯದನ್ನು ಕೊಟ್ಟರು.

ಆಮೇಲೆ ಅವರು ನಮಗೆ ದೊಡ್ಡಮ್ಮನಾದರು. ಮನೆಯಲ್ಲೂ ನಾನು ಪುಟ್ಟಿಯ ಜೊತೆಗೇ ಕೂತು ತಿನ್ನತೊಡಗಿದೆ, ಅವಳ ತೂಕ ಏರಿತು. ಅವಳು ನಿದ್ದೆಹೋದ ಮೇಲೆ ಮಾತ್ರ ದೊಡ್ಡಮ್ಮ ತಾವೇ ಒಂದು ಪಳಂಪೊರಿ ಕೊಂಡು, ಕಿಟಕಿಗೆ ಮುಖ ಮಾಡಿ ತಿನ್ನುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾನು ರೇಗಿಸುತ್ತಿದ್ದೆ.

ಅವರು ವಾರವೆಲ್ಲ ತಿರುವನಂತಪುರದ ಹಾಸ್ಟೆಲಿನಲ್ಲಿದ್ದು ಶುಕ್ರವಾರ ಕೊಚ್ಚಿಯ ಪಾಲಾರಿವಟ್ಟಂನ ಮನೆಗೆ ಹೋಗುತ್ತಿದ್ದರು. ಅಲ್ಲಿ ಯಾರಿದ್ದಾರೆ ಎಂದು ಒಮ್ಮೆ ಕೇಳಿದೆ. “ಒಂದು ಕರಿಬೇವಿನ ಗಿಡ ಉಂಟು. ನೀರು ಹಾಕುದು ಬೇಡ್ವಾ?” ಎಂದರು. ಅಲ್ಲಿಯವರೆಗೆ ಆ ರೈಲಿನಲ್ಲಿ ಒಂಟಿ ನಾನೊಬ್ಬಳೇ ಎಂದುಕೊಂಡಿದ್ದೆ.

ಈ ಮಳೆಗಾಲದಲ್ಲಿ ಒಂದು ಶುಕ್ರವಾರ ಅವರು ಬರಲಿಲ್ಲ. ಮರುವಾರ ಅವರ ಕಚೇರಿಯ ಸಹೋದ್ಯೋಗಿಯೊಬ್ಬರು ನಮ್ಮನ್ನು ಹುಡುಕಿಕೊಂಡು ಬೋಗಿಗೆ ಬಂದು, ಹೃದಯಾಘಾತವಾಗಿ ತೀರಿಕೊಂಡರು, ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಹೇಳಿ ಹೋದರು. ನನಗೆ ಬೇಯಿಸಿ ತಂದಿದ್ದ ಹಣ್ಣಿನ ಡಬ್ಬಿಯ ಮುಚ್ಚಳ ತೆರೆಯಲೂ ಮನಸ್ಸಾಗಲಿಲ್ಲ.

ಪುಟ್ಟಿಯೇ ತೆರೆದಳು. ಹಣ್ಣನ್ನು ಹೇಗೋ ಹಿಸುಕಿ ಮೂರು ಮಾಡಿ, ಒಂದನ್ನು ಎದುರಿನ ಖಾಲಿ ಸೀಟಿನ ಮೇಲಿಟ್ಟಳು. ಇನ್ನೊಂದನ್ನು ನನ್ನ ತುಟಿಗೆ ಹಿಡಿದಳು.

“ತಿನ್ನಮ್ಮ. ನಾನು ಒಬ್ಬಳೇ ತಿಂದ್ರೆ ಮೈಗೆ ಹಿಡಿಯುದಿಲ್ಲ.”

ಮೈಸೂರಿನವಳ ಮಗಳು ನನಗೆ ಕೊಟ್ಟ ಮೊದಲ ಕನ್ನಡದ ಉತ್ತರ ಕಾಸರಗೋಡಿನದು. ನಾನು ತಿಂದೆ.