ಜೋಳದ ಚೀಲದೊಳಗಿನ ಫೋನು

ಕೋರ್ಟಿಗೆ ಸುಳ್ಳು ಅಫಿಡವಿಟ್ ಕೊಟ್ಟವನು ನಾನು. ಮುನವಳ್ಳಿಯಲ್ಲಿ ನನ್ನ ಹೊಲದ ಆಚೆ, ಟೆಂಪೋ ಓಡಿಸುವ ಒಬ್ಬನ ಹೊಲವಿತ್ತು. ಅವನಿಗೆ ನನ್ನ ಹೊಲದೊಳಗಿಂದಲೇ ದಾರಿ. ಹಿರಿಯರ ಮುಂದೆ ಯಲ್ಲಮ್ಮನ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಿ, ದಾರಿ ಬಿಡುತ್ತೇನೆ ಎಂದಿದ್ದೆ. ಆ ಮಾತುಕತೆ ನಮ್ಮಿಬ್ಬರ ಮೊಬೈಲುಗಳಲ್ಲೂ ರೆಕಾರ್ಡ್ ಆಗಿತ್ತು. ಆಮೇಲೆ ಮನಸ್ಸು ಕೆಟ್ಟು ದಾರಿಗೆ ಮುಳ್ಳುಬೇಲಿ ಹಾಕಿದೆ. ಅವನು ಸವದತ್ತಿ ಕೋರ್ಟಿಗೆ ಹೋದ.

ದಾರಿಯ ಬಗ್ಗೆ ಆಡಿದ ಮಾತಿನ ರೆಕಾರ್ಡಿಂಗನ್ನು ಇಬ್ಬರೂ ಹಾಜರುಪಡಿಸಬೇಕೆಂದು ಕೋರ್ಟು ಹೇಳಿತು. ನಾನು ಫೋನನ್ನು ಜೋಳದ ಚೀಲದಲ್ಲಿ ಹುಗಿದಿಟ್ಟು, ಮಲಪ್ರಭೆಯಲ್ಲಿ ಬಿತ್ತೆಂದು ಬರೆದುಕೊಟ್ಟೆ. ಅವನು ದಾರಿಯ ಮಾತಷ್ಟನ್ನೇ ಕೊಟ್ಟರೆ ಸಾಕಿತ್ತು. ಆದರೆ ಸಿ.ಡಿ.ಯಲ್ಲಿ ಇಡೀ ಮಾತುಕತೆ ಕೊಟ್ಟ. ನನ್ನ ಬದುವಿನ ಕಲ್ಲು ಕಿತ್ತವನು ತಾನೇ ಎಂದು ಅವನು ಒಪ್ಪಿಕೊಂಡದ್ದೂ ಅದರಲ್ಲಿತ್ತು.

ನನ್ನ ವಕೀಲರು ನಕ್ಕರು. "ನಮ್ಮಲ್ಲಿ ಕೋರ್ಟ್ ಕೇಳಿದಷ್ಟ ಕೊಟ್ರ ಸಾಕ್ರಿ. ಕೆಲವು ದೇಶದಾಗ ತನಗ ಉಲ್ಟಾ ಆಗೋದನ್ನೂ ತಾನಾಗೇ ತೋರಿಸಬೇಕಂತ ಕಾನೂನ ಐತಿ. ಈ ಮನಶ್ಯಾ ಆ ದೇಶದಾಂವ ನೋಡ್ರಿ."

ಹೊರಗೆ ಬೇವಿನ ಗಿಡದ ಕೆಳಗೆ ಅವನನ್ನೇ ಕೇಳಿದೆ. "ಕಲ್ಲಿನ ಮಾತ ಯಾಕ ಕೊಟ್ಟೀಪಾ?"

"ಅರ್ಧಾ ಕತ್ತರಿಸಿ ಕೊಟ್ರ ಅದೂ ಸುಳ್ಳ ಅಲ್ಲೇನ್ರಿ, ಕಾಕಾ? ಅದಿರಲಿ, ನಿಮ್ಮ ಫೋನ್ ಈಜಿ ದಂಡಿಗೆ ಬಂತೇನು?"

ಮುಂದಿನ ತಾರೀಖಿಗೆ ಫೋನನ್ನು ನಾನೇ ಒಯ್ದು ಕೊಟ್ಟು, ಬರೆದದ್ದು ಸುಳ್ಳೆಂದು ಹೇಳಿದೆ. ಜಡ್ಜ್ ಸಾಹೇಬರು ಬೈದರು, ದಂಡ ಹಾಕಿದರು. ತೀರ್ಪಿಗೆ ಕಾಯದೆ ಬೇಲಿ ಕೀಳತೊಡಗಿದೆ. ಮುಳ್ಳು ಎಳೆದು ಹಾಕಲು ಅವನೂ ಬಂದ. ಬರುವಾಗ ಬದುವಿನ ಕಲ್ಲನ್ನು ಹೊತ್ತು ತಂದಿದ್ದ.